ತಂದೆಗಳ ಬಾಯಿಯೂ ಮಕ್ಕಳ ಹಲ್ಲುಗಳೂ

ಧ್ಯಾನಕ್ಕಾಗಿ: ಯೆಹೆಜ್ಕೇಲ 18ನೆಯ ಅಧ್ಯಾಯ, 1ರಿಂದ 4ರ ವರೆಗಿನ ವಚನಗಳು



ಯೆಹೆಜ್ಕೇಲ ಪ್ರವಾದಿಯು ಸ್ವದೇಶವನ್ನು ಕಳಕೊಂಡು, ಬಾಬೆಲ್ ದೇಶದಲ್ಲಿ ಕೆಬಾರ್ ಎಂಬ ನೀರಿನ ದಡದಲ್ಲಿ ಸೆರೆಯವರ ಸಂಗಡ ವಾಸವಾಗಿದ್ದನು. ಈ ಕೆಬಾರ್ ಎಂಬದು ತಾನಾಗಿ ಹರಿಯುವ ಹೊಳೆಯಲ್ಲ, ಹೊಲಗದ್ದೆಗಳಿಗೆ ನೀರು ಹಾಯಿಸುವದಕ್ಕಾಗಿ ಮನುಷ್ಯರು ತೋಡಿದ ದೊಡ್ಡ ನಾಲೆಯೆಂದು ಪಂಡಿತರು ತಿಳಿಸುತ್ತಾರೆ. ನಾಲೆಯ ಬದಿಯಲ್ಲಿ ಬದುಕುವ ಜನರ ರೀತಿಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಸೆರೆಯವರ ಬಾಯಲ್ಲಿ ಒಂದು ಗಾದೆಯು ಓಡಾಡುತ್ತಿತ್ತು. ಹುಳಿಯಾದ ದ್ರಾಕ್ಷೆಯನ್ನು ತಿಂದವರು ಹೆತ್ತವರು, ಹಲ್ಲು ಚಳಿತದ್ದು ಮಾತ್ರ ಮಕ್ಕಳಿಗೆ ಎಂಬದೇ ಅದರ ತಾತ್ಪರ್ಯ. ತಪ್ಪು ಹಿರಿಯರದು, ಶಿಕ್ಷೆ ನಮ್ಮದು, ಇನ್ನು ನಾವು ಮಾಡತಕ್ಕದ್ದು ಏನೂ ಇಲ್ಲವೆಂದು ಅವರು ಕೈಚೆಲ್ಲಿ ಕುಳಿತಿದ್ದರು. ದೇವರಾದರೋ ಆ ಗಾದೆಯನ್ನು ಇನ್ನು ಮುಂದೆ ಎತ್ತಲೇ ಬಾರದೆಂದು ಪ್ರವಾದಿಯ ಮೂಲಕ ಆಜ್ಞಾಪಿಸಿದನು. ತಂದೆಯ ಪ್ರಾಣವೂ ಮಗನ ಪ್ರಾಣವೂ ಆತನವೇ. ಒಬ್ಬೊಬ್ಬನೂ ತನ್ನ ನಡತೆಗೆ ತಾನೇ ಉತ್ತರ ಕೊಡತಕ್ಕವನು. ಯೆರೆಮೀಯನು ಸಹ ತನ್ನ ಗ್ರಂಥದ 31ನೆಯ ಅಧ್ಯಾಯದಲ್ಲಿ ಇದೇ ಗಾದೆಯನ್ನು ತೆಗೆದುಹಾಕಿದ್ದಾನೆ.

ಈ ವಾಕ್ಯವು ಆತ್ಮದ ವಿಷಯವಾಗಿ ಹೇಳಲ್ಪಟ್ಟದ್ದು ನಿಜ. ಆದರೆ ಅದೇ ಗಾದೆಯನ್ನು ನಮ್ಮ ಊರುಗಳಲ್ಲಿ ಹಲ್ಲಿನ ವಿಷಯವಾಗಿಯೇ ಜನರು ಹೇಳುವದನ್ನು ನಾವು ಕೇಳುತ್ತೇವೆ. ಐದು ವರುಷದ ಮಗುವಿನ ಮುಂದಿನ ಹಲ್ಲುಗಳು ಕಪ್ಪಾಗಿ ಸವೆದುಹೋಗಿರುವದನ್ನು ತೋರಿಸಿ, ಯಾಕಮ್ಮಾ ಹೀಗಾಯಿತೆಂದು ಕೇಳಿದರೆ, ನಮ್ಮ ವಂಶದಲ್ಲಿಯೇ ಹೀಗೆ, ಇವರ ತಾತನಿಗೂ ಮೂವತ್ತಕ್ಕೇ ಹಲ್ಲು ಹೋಗಿದ್ದವು ಎಂದು ಉತ್ತರ ಬರುತ್ತದೆ. ಆ ಉತ್ತರದಲ್ಲಿ ದುಃಖವುಂಟು, ಆದರೆ ಎಚ್ಚರವಿಲ್ಲ. ಆದದರಿಂದ ಈ ತಿಂಗಳಲ್ಲಿ, ತಂದೆತಾಯಿಗಳ ಬಾಯಿಯಿಂದ ಮಕ್ಕಳ ಹಲ್ಲಿಗೆ ಬರುವದು ಯಾವದು, ಬಾರದೆ ಇರುವದು ಯಾವದು ಎಂಬದನ್ನು ಆಲೋಚಿಸೋಣ.

ಮೊದಲನೆಯದಾಗಿ, ಹುಳುವಿನ ಮಾತು.

ಕೆಟ್ಟ ಹಲ್ಲಿಗೆ ನಾವು ಹುಳುಕು ಹಲ್ಲು ಅನ್ನುತ್ತೇವೆ. ಒಳಗೆ ಹುಳು ಸೇರಿ ಕೊರೆಯುತ್ತದೆಂದು ನಂಬುತ್ತೇವೆ. ಈ ನಂಬಿಕೆಯು ನಮ್ಮದು ಮಾತ್ರವಲ್ಲ, ಬಹು ಪುರಾತನವಾದದ್ದು. ಯೆಹೆಜ್ಕೇಲನು ಸೆರೆಯಾಗಿದ್ದ ಬಾಬೆಲಿನವರೇ ಮಣ್ಣಿನ ಹಲಗೆಯ ಮೇಲೆ ಬರೆದಿಟ್ಟ ಒಂದು ಮಂತ್ರವು ಈಗಲೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಒಂದು ಹುಳುವು ದೇವತೆಗಳ ಮುಂದೆ ಅತ್ತು, ತನಗೆ ಹಣ್ಣು ಬೇಡ, ಮನುಷ್ಯನ ಹಲ್ಲು ವಸಡುಗಳ ಮಧ್ಯದಲ್ಲಿ ವಾಸಸ್ಥಾನ ಬೇಕೆಂದು ಬೇಡಿಕೊಂಡಿತೆಂಬ ಕಥೆಯು ಅದರಲ್ಲಿದೆ. ನಮ್ಮಲ್ಲಿಯೂ ಕೆಲವರು ಯಾವದೋ ಬೀಜವನ್ನು ಕೆಂಡದ ಮೇಲೆ ಹಾಕಿ, ನೋಯುವವನ ಬಾಯಿಗೆ ಹೊಗೆ ಹಿಡಿಸಿ, ಬಟ್ಟಲಿನ ನೀರಿನಲ್ಲಿ ಬಿದ್ದ ಬಿಳಿಯ ಎಳೆಗಳನ್ನು ತೋರಿಸಿ, ಹುಳು ಬಿತ್ತು ಎಂದು ಹೇಳುವದುಂಟು. ಆ ಬಿಳಿಯ ಎಳೆಯು ಬೀಜದೊಳಗಿನ ಮೊಳಕೆಯೇ ಹೊರತು ಹುಳುವಲ್ಲ. 1728ರಲ್ಲಿ ಫ್ರಾನ್ಸ್ ದೇಶದ ಹಲ್ಲಿನ ವೈದ್ಯನಾದ ಪಿಯೆರ್ ಫೋಶಾರ್ ಎಂಬಾತನು, ಕೆಟ್ಟ ಹಲ್ಲುಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದರೂ ತಾನು ಯಾವ ಹುಳುವನ್ನೂ ಕಾಣಲಿಲ್ಲವೆಂದು ಪುಸ್ತಕದಲ್ಲಿ ಬರೆದನು. 1890ರಲ್ಲಿ ಬರ್ಲಿನ್ ಪಟ್ಟಣದಲ್ಲಿದ್ದ ಮಿಲ್ಲರ್ ಎಂಬ ಅಮೇರಿಕದ ಪಂಡಿತನು ನಿಜವಾದ ಕಾರಣವನ್ನು ವಿವರಿಸಿದನು. ಆದದರಿಂದ ಮಂತ್ರ ಹಾಕಿಸುವದಕ್ಕೂ ತಾಯಿತ ಕಟ್ಟಿಸುವದಕ್ಕೂ ಯಾರೂ ಹಣ ಕೊಡಬೇಕಾಗಿಲ್ಲ. ಇಲ್ಲದ ಹುಳುವನ್ನು ಓಡಿಸುವವರು ಯಾರು?

ಎರಡನೆಯದಾಗಿ, ಹಲ್ಲು ಕೆಡುವ ಬಗೆ.

ನಮ್ಮೆಲ್ಲರ ಬಾಯಲ್ಲಿಯೂ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಇರುತ್ತವೆ. ಅವು ಹಲ್ಲಿನ ಮೇಲೆ, ವಿಶೇಷವಾಗಿ ವಸಡಿನ ಅಂಚಿನಲ್ಲಿಯೂ ಹಲ್ಲುಗಳ ಸಂದುಗಳಲ್ಲಿಯೂ, ಬಿಳಿಯಾದ ಮೆತ್ತನೆಯ ಲೋಳೆಯಾಗಿ ಅಂಟಿಕೊಳ್ಳುತ್ತವೆ. ಬೆಳಿಗ್ಗೆ ಎದ್ದಾಗ ಉಗುರಿನಿಂದ ಕೆರೆದರೆ ಸಿಕ್ಕುವದೇ ಅದು. ನಾವು ಸಿಹಿ ತಿಂದಾಗ ಈ ಜೀವಿಗಳೂ ಅದನ್ನೇ ತಿಂದು ಹುಳಿಯನ್ನು ಹುಟ್ಟಿಸುತ್ತವೆ. ಆ ಹುಳಿಯು ಹಲ್ಲಿನ ಮೇಲಣ ಗಟ್ಟಿಯಾದ ಹೊದಿಕೆಯಾದ ಎನಾಮಲನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತದೆ. ನಮ್ಮ ಶರೀರದಲ್ಲಿ ಅದಕ್ಕಿಂತ ಗಟ್ಟಿಯಾದ ಪದಾರ್ಥವು ಬೇರೊಂದಿಲ್ಲ. ಆದರೆ ಮುರಿದ ಮೂಳೆಯು ಕೂಡಿಕೊಳ್ಳುವ ಹಾಗೆ, ತೂತುಬಿದ್ದ ಎನಾಮಲು ತಿರುಗಿ ಬೆಳೆಯುವದಿಲ್ಲ. ತೂತು ಆಳವಾಗಿ ಒಳಗಿನ ನರವನ್ನು ಮುಟ್ಟಿದಾಗಲೇ, ರಾತ್ರಿಯೆಲ್ಲಾ ನಿದ್ರೆಗೆಡಿಸುವ ನೋವು ಹುಟ್ಟುವದು.

ನೋಡಿರಿ, ಆ ಗಾದೆಯಲ್ಲಿದ್ದ ಹುಳಿಯು ದ್ರಾಕ್ಷೆಯಲ್ಲಿತ್ತು; ನಮ್ಮ ಮಕ್ಕಳ ಹಲ್ಲನ್ನು ಕೆಡಿಸುವ ಹುಳಿಯು ಸಿಹಿಯಿಂದಲೇ ಹುಟ್ಟುತ್ತದೆ. ಮತ್ತು ನಮ್ಮದು ಸಿಹಿಯ ಸೀಮೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸವು ಆರಂಭವಾಗಿ, ತರುವಾಯ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ, ಶ್ರೀರಂಗಪಟ್ಟಣ ಪಾಂಡವಪುರಗಳ ಬಯಲಿನಲ್ಲಿ ಕಬ್ಬು ಹಬ್ಬಿಕೊಂಡಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ಕೃಷ್ಣರಾಜಪೇಟೆಯಲ್ಲಿ ಹೇಮಾವತಿಯ ನೀರಿನಿಂದ ಕಬ್ಬು ಬೆಳೆಯುತ್ತದೆ. ರಾಗಿ ಹುರುಳಿಗಳ ನಾಡಾದ ನಾಗಮಂಗಲದಲ್ಲಿಯೂ ಬೆಲ್ಲವಿಲ್ಲದ ಮನೆಯುಂಟೇ? ಆಲೆಮನೆಯಲ್ಲಿ ಗಾಣ ತಿರುಗಿ ಕೊಪ್ಪರಿಗೆ ಕುದಿಯುವಾಗ ಮಕ್ಕಳು ಸುತ್ತಲೂ ನಿಂತು, ಒಬ್ಬನು ಕಬ್ಬಿನ ಹಾಲು ಕುಡಿಯುತ್ತಾನೆ, ಇನ್ನೊಬ್ಬನು ಬಿಸಿಬೆಲ್ಲ ನೆಕ್ಕುತ್ತಾನೆ, ಮತ್ತೊಬ್ಬನು ಜಲ್ಲೆ ಸಿಗಿಯುತ್ತಾನೆ. ಇದು ಪಾಪವಲ್ಲ. ಕಬ್ಬನ್ನು ಬೆಳೆಯಿಸಿದವನು ದೇವರು. ಕಷ್ಟಪಟ್ಟು ಬೆಳೆದವನು ಅದರ ರುಚಿಯನ್ನು ನೋಡುವದು ನ್ಯಾಯವೇ. ಆದರೂ ಮೂರು ತಪ್ಪು ತಿಳುವಳಿಕೆಗಳನ್ನು ನಾವು ಬಿಡಬೇಕು.

ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೆಯದು ಎಂದು ಕೆಲವರು ಅನ್ನುತ್ತಾರೆ. ಹೊಟ್ಟೆಯ ಮಾತು ಹೇಗಾದರೂ ಇರಲಿ, ಹಲ್ಲಿಗೆ ಎರಡೂ ಒಂದೇ; ಯಾಕಂದರೆ ಬೆಲ್ಲದಲ್ಲಿ ಹೆಚ್ಚಾಗಿ ಇರುವದು ಕಬ್ಬಿನ ಸಕ್ಕರೆಯೇ, ಮತ್ತು ಅಂಟುವ ಬೆಲ್ಲವು ಹಲ್ಲಿನ ಸಂದಿನಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಕಬ್ಬನ್ನು ಅಗಿದರೆ ಹಲ್ಲು ತಾನೇ ಶುದ್ಧವಾಗುತ್ತದೆಂದು ಬೇರೆ ಕೆಲವರು ಅನ್ನುತ್ತಾರೆ. ನಾರು ಹಲ್ಲಿನ ಮೇಲ್ಭಾಗವನ್ನು ಒರಸಬಹುದು, ಆದರೆ ವಸಡಿನ ಅಂಚಿಗೂ ಸಂದಿಗೂ ಅದು ಮುಟ್ಟದು. ರಸವಾದರೋ ಎಲ್ಲೆಲ್ಲಿಯೂ ಮುಟ್ಟುವದು. ಮೂರನೆಯದಾಗಿ, ಎಷ್ಟು ತಿಂದೆವೆಂಬದನ್ನು ಮಾತ್ರ ನಾವು ಲೆಕ್ಕಿಸುತ್ತೇವೆ, ಎಷ್ಟು ಸಾರಿ ತಿಂದೆವೆಂಬದನ್ನು ಲೆಕ್ಕಿಸುವದಿಲ್ಲ. ಸಿಹಿ ತಿಂದ ಪ್ರತಿಸಾರಿಯೂ ಬಾಯಿಯು ಅರ್ಧ ಗಂಟೆಯ ಹೊತ್ತಾದರೂ ಹುಳಿಯಾಗಿರುತ್ತದೆ; ಆಮೇಲೆ ಜೊಲ್ಲು ಅದನ್ನು ತೊಳೆದು ಸರಿಮಾಡುತ್ತದೆ. ಊಟದ ಸಂಗಡ ಒಂದು ಅಚ್ಚು ಬೆಲ್ಲ ತಿಂದವನ ಹಲ್ಲಿಗೆ ಒಂದೇ ಸಾರಿ ಹೊಡೆತ ಬಿತ್ತು. ಅದೇ ಅಚ್ಚನ್ನು ಜೇಬಿನಲ್ಲಿಟ್ಟು ಬೆಳಗಿನಿಂದ ಸಾಯಂಕಾಲದ ವರೆಗೂ ಚೂರು ಚೂರಾಗಿ ಕಚ್ಚಿದವನ ಹಲ್ಲಿಗೆ ದಿನವೆಲ್ಲಾ ಹೊಡೆತವೇ. ಅಂಗಡಿಯ ಬಿಸ್ಕತ್ತೂ ಮಿಠಾಯಿಯೂ ಗಳಿಗೆಗೊಂದು ಲೋಟ ಸಿಹಿ ಟೀಯೂ ಹೀಗೆಯೇ. ಹಾಲಿಗೆ ಸಕ್ಕರೆ ಬೆರಸಿದ ಸೀಸೆಯನ್ನು ಬಾಯಲ್ಲಿಟ್ಟು ಕೂಸನ್ನು ಮಲಗಿಸುವದು ಇವೆಲ್ಲಕ್ಕಿಂತ ಕೇಡು. ಯಾಕಂದರೆ ನಿದ್ರೆಯಲ್ಲಿ ಜೊಲ್ಲು ಬಹು ಕಡಿಮೆಯಾಗಿ ಹುಟ್ಟುವದರಿಂದ, ಹುಳಿಯನ್ನು ತೊಳೆಯುವವರು ಯಾರೂ ಇರುವದಿಲ್ಲ.

ಹೀಗಿರುವಲ್ಲಿ ತಂದೆತಾಯಿಗಳಿಂದ ಮಕ್ಕಳಿಗೆ ಬರುವದೇನು? ಹಲ್ಲಿನ ಆಕಾರವೂ ಸಾಲೂ ಸ್ವಲ್ಪಮಟ್ಟಿಗೆ ಬರಬಹುದು. ತಾಯಿಯು ತಾನು ನೆಕ್ಕಿದ ಚಮಚದಿಂದ ಕೂಸಿಗೆ ಉಣಿಸಿದರೆ ಆಕೆಯ ಬಾಯಿಯ ಸೂಕ್ಷ್ಮಜೀವಿಗಳೂ ಬರುತ್ತವೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಬರುವದು ಮನೆಯ ವಾಡಿಕೆ. ರಾತ್ರಿ ಬಾಯಿ ತೊಳೆಯದೆ ಮಲಗುವ ತಂದೆಯ ಮಗನೂ ಹಾಗೆಯೇ ಮಲಗುತ್ತಾನೆ. ಅವನ ಹಲ್ಲೂ ಹೋಗುತ್ತದೆ. ಊರವರು ಅದನ್ನು ವಂಶವೆಂದು ಹೆಸರಿಸುತ್ತಾರೆ. ಪ್ರಿಯರೇ, ಅದು ವಂಶವಲ್ಲ, ವಾಡಿಕೆ. ವಂಶವನ್ನು ನಾವು ಬದಲು ಮಾಡಲಾರೆವು, ವಾಡಿಕೆಯನ್ನು ಈ ರಾತ್ರಿಯೇ ಬದಲು ಮಾಡಬಹುದು.

ಮೂರನೆಯದಾಗಿ, ನಾವು ಮಾಡತಕ್ಕದ್ದು.

ಮೋಶೆಯು ಇಸ್ರಾಯೇಲ್ಯರಿಗೆ ದೇವರ ಆಜ್ಞೆಗಳನ್ನು ಒಪ್ಪಿಸಿದಾಗ, ಅವುಗಳನ್ನು ಮಲಗುವಾಗಲೂ ಏಳುವಾಗಲೂ ಮಕ್ಕಳಿಗೆ ಕಲಿಸಬೇಕೆಂದು ಹೇಳಿದನು. ಅದೇ ಎರಡು ಗಳಿಗೆಗಳನ್ನು ಹಲ್ಲಿಗೂ ಇಟ್ಟುಕೊಳ್ಳಿರಿ. ನಮ್ಮಲ್ಲಿ ಬೆಳಿಗ್ಗೆ ಹಲ್ಲುಜ್ಜದವರು ಕಡಿಮೆ. ರಾತ್ರಿ ಉಜ್ಜುವವರೇ ಕಡಿಮೆ. ಆದರೆ ಎರಡರಲ್ಲಿ ರಾತ್ರಿಯದೇ ಮುಖ್ಯವಾದದ್ದು. ಊಟ ತೀರಿದ ಮೇಲೆ, ಕುಟುಂಬ ಪ್ರಾರ್ಥನೆಗೆ ಕುಳಿತುಕೊಳ್ಳುವ ಮೊದಲು, ಮನೆಯವರೆಲ್ಲರೂ ಒಟ್ಟಾಗಿ ಹಲ್ಲುಜ್ಜುವ ಪದ್ಧತಿಯನ್ನು ಇಟ್ಟುಕೊಂಡರೆ ಅದು ತಪ್ಪಲಾರದು. ಆ ಮೇಲೆ ನೀರನ್ನು ಹೊರತು ಮತ್ತೇನೂ ಬಾಯಿಗೆ ಹೋಗಬಾರದು.

ಉಜ್ಜುವ ಕ್ರಮವು ಹೀಗಿದೆ. ಬ್ರಶ್ಶಿನ ಕೂದಲು ಮೆತ್ತಗಿರಬೇಕು. ಗಟ್ಟಿಯಾದದ್ದು ವಸಡನ್ನು ಸವೆಯಿಸುತ್ತದೆ. ಬ್ರಶ್ಶನ್ನು ವಸಡಿನ ಕಡೆಗೆ ಸ್ವಲ್ಪ ಓರೆಯಾಗಿ ಹಿಡಿದು, ಹಲ್ಲು ವಸಡುಗಳು ಕೂಡುವ ಅಂಚಿನಲ್ಲಿ ಹಗುರವಾಗಿ ಸಣ್ಣ ಸಣ್ಣದಾಗಿ ಆಡಿಸಬೇಕು; ಪಾತ್ರೆಯ ಮಸಿ ತಿಕ್ಕುವಂತೆ ಬಲವಾಗಿ ತಿಕ್ಕಬಾರದು. ಪ್ರತಿಯೊಂದು ಹಲ್ಲಿಗೂ ಕೆನ್ನೆಯ ಬದಿ, ನಾಲಿಗೆಯ ಬದಿ, ಅಗಿಯುವ ಬದಿ ಎಂಬ ಮೂರು ಬದಿಗಳುಂಟು. ನಮ್ಮಲ್ಲಿ ಅನೇಕರು ಜನರಿಗೆ ಕಾಣುವ ಮುಂದಿನ ಹಲ್ಲುಗಳನ್ನು ಮಾತ್ರ ಬೆಳಗಿಸಿ, ಹಿಂದಿನ ದವಡೆ ಹಲ್ಲುಗಳನ್ನು ಮರೆಯುತ್ತಾರೆ. ಬಟ್ಟಲಿನ ಹೊರಗನ್ನು ಮಾತ್ರ ಶುಚಿಮಾಡುವ ಫರಿಸಾಯರನ್ನು ನಮ್ಮ ಕರ್ತನು ಗದರಿಸಿದ್ದನ್ನು ಇಲ್ಲಿಯೂ ನೆನಸಿಕೊಳ್ಳಬಹುದು. ಎರಡು ನಿಮಿಷಗಳಿಗೆ ಕಡಿಮೆಯಿಲ್ಲದೆ ಉಜ್ಜಬೇಕು. ಒಬ್ಬೊಬ್ಬರಿಗೂ ಬೇರೆ ಬೇರೆ ಬ್ರಶ್ಶು ಇರಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ, ಇಲ್ಲವೆ ಕೂದಲು ಕೆದರಿದ ಕೂಡಲೆ, ಹೊಸದನ್ನು ತರಬೇಕು. ಹುಣಿಸೆ, ನಿಂಬೆ ಮೊದಲಾದ ಹುಳಿ ಪದಾರ್ಥಗಳನ್ನು ತಿಂದು ಹಲ್ಲು ಚಳಿತಿರುವಾಗ ಕೂಡಲೆ ಉಜ್ಜದೆ, ನೀರಿನಿಂದ ಬಾಯಿ ಮುಕ್ಕಳಿಸಿ ಅರ್ಧ ಗಂಟೆ ತಡೆಯುವದು ಒಳ್ಳೆಯದು.

ಫ್ಲೋರೈಡ್ ಎಂಬ ಲವಣವಿರುವ ಪೇಸ್ಟನ್ನು ಕೊಳ್ಳಿರಿ. ಕೊಳವೆಯ ಮೇಲೆ ಅದು 1000 ಪಿಪಿಎಮ್ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಎಂದು ಬರೆದಿರಲಿ. ಅದು ಹಲ್ಲನ್ನು ಹುಳಿಗೆ ಸುಲಭವಾಗಿ ಕರಗದಂತೆ ಗಟ್ಟಿಮಾಡುತ್ತದೆ. ಉಜ್ಜಿದ ಮೇಲೆ ನೊರೆಯನ್ನು ಉಗುಳಿರಿ, ಆದರೆ ನೀರನ್ನು ತುಂಬಿ ತುಂಬಿ ಮುಕ್ಕಳಿಸಬೇಡಿರಿ; ಮುಕ್ಕಳಿಸಿದರೆ ಹಲ್ಲಿಗೆ ಹಿಡಿದ ಔಷಧವು ತೊಳೆದುಹೋಗುವದು. ಇದೇ ಲವಣವು ಕುಡಿಯುವ ನೀರಿನಲ್ಲಿ ಮಿತಿಮೀರಿದರೆ ಬೆಳೆಯುವ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಗಳು ಮೂಡುತ್ತವೆ. ತುಮಕೂರು ಜಿಲ್ಲೆಯ ಪಾವಗಡದ ಸೀಮೆಯಲ್ಲಿ ಇದನ್ನು ಕಾಣಬಹುದು. ಆದದರಿಂದ ಮಕ್ಕಳು ಪೇಸ್ಟನ್ನು ನುಂಗಬಾರದು. ಮೂರು ವರುಷದೊಳಗಿನ ಮಗುವಿಗೆ ಒಂದು ಅಕ್ಕಿಕಾಳಿನಷ್ಟು, ಮೂರರಿಂದ ಆರು ವರುಷದ ವರೆಗೆ ಒಂದು ಬಟಾಣಿಯಷ್ಟು ಸಾಕು.

ಬೇವಿನ ಕಡ್ಡಿ, ಹೊಂಗೆಯ ಕಡ್ಡಿಗಳನ್ನು ಉಪಯೋಗಿಸುವ ಹಿರಿಯರನ್ನು ನಾವು ಹಳಿಯುವದಿಲ್ಲ. ತುದಿಯನ್ನು ಚೆನ್ನಾಗಿ ಅಗಿದು ಕುಂಚದಂತೆ ಮೆತ್ತಗೆ ಮಾಡಿ, ತಾಳ್ಮೆಯಿಂದ ಎಲ್ಲಾ ಬದಿಗಳನ್ನೂ ಉಜ್ಜಿದರೆ ಅದರಿಂದಲೂ ಲೋಳೆಯು ಹೋಗುವದು. ಆದರೆ ಫ್ಲೋರೈಡಿನ ಸಹಾಯವು ಅದರಲ್ಲಿಲ್ಲ. ಇದ್ದಿಲು, ಇಟ್ಟಿಗೆಯ ಪುಡಿ, ಮರಳು, ಬೂದಿ ಇವುಗಳನ್ನಾದರೋ ಬಿಟ್ಟೇಬಿಡಬೇಕು. ಇವು ಬೆಳ್ಳಗೆ ಮಾಡಿದಂತೆ ತೋರಿದರೂ ಎನಾಮಲನ್ನು ಅರದಿಂದ ಉಜ್ಜಿದ ಹಾಗೆ ಸವೆಯಿಸುತ್ತವೆ.

ಮಕ್ಕಳ ವಿಷಯದಲ್ಲಿ ಇನ್ನೆರಡು ಮಾತುಗಳು. ಹಾಲುಹಲ್ಲು ಹೇಗೂ ಬಿದ್ದುಹೋಗುವದಲ್ಲಾ, ಅದಕ್ಕೇಕೆ ಇಷ್ಟು ಆರೈಕೆ ಎಂದು ಕೇಳಬೇಡಿರಿ. ಇಪ್ಪತ್ತು ಹಾಲುಹಲ್ಲುಗಳು ಮುಂದೆ ಬರುವ ಹಲ್ಲುಗಳಿಗೆ ಸ್ಥಳ ಕಾಯುವ ಕಾವಲುಗಾರರು. ಅಲ್ಲದೆ ಸುಮಾರು ಆರು ವರುಷಕ್ಕೆ, ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಒಂದೊಂದು ದೊಡ್ಡ ದವಡೆ ಹಲ್ಲು ಮೌನವಾಗಿ ಮೂಡುತ್ತದೆ. ಅದನ್ನೂ ಹಾಲುಹಲ್ಲೆಂದು ತಿಳಿದು ಅನೇಕ ತಾಯಂದಿರು ಅಲಕ್ಷ್ಯಮಾಡುತ್ತಾರೆ. ಅದು ಸಾಯುವ ವರೆಗೆ ಇರಬೇಕಾದ ಹಲ್ಲು, ಹೋದರೆ ಬದಲಿಲ್ಲ. ಮೊದಲ ಹಲ್ಲು ಮೂಡಿದ ದಿನದಿಂದ ಏಳೆಂಟು ವರುಷ ತುಂಬುವ ತನಕ ದೊಡ್ಡವರ ಕೈಯೇ ಮಗುವಿನ ಹಲ್ಲನ್ನು ಉಜ್ಜಲಿ. ನಮ್ಮ ಭಾನುವಾರ ಶಾಲೆಗಳಲ್ಲಿಯೂ ವಾಕ್ಯ ಒಪ್ಪಿಸಿದ ಮಗುವಿಗೆ ಮಿಠಾಯಿಯ ಬದಲು ಒಂದು ಹಿಡಿ ಕಡಲೆಕಾಯಿಯನ್ನೋ ಒಂದು ಸೀಬೆಹಣ್ಣನ್ನೋ ಕೊಡಬಹುದಲ್ಲವೇ?

ನಾಲ್ಕನೆಯದಾಗಿ, ಕೆಲವರ ಆಕ್ಷೇಪಣೆಗಳು.

ಬಾಯೊಳಕ್ಕೆ ಹೋಗುವಂಥದು ಮನುಷ್ಯನನ್ನು ಹೊಲೆಮಾಡುವದಿಲ್ಲವೆಂದು ಕರ್ತನೇ ಬೋಧಿಸಿದನಲ್ಲಾ, ಹಲ್ಲಿನ ಶುಚಿತ್ವವನ್ನು ಸಭೆಯಲ್ಲಿ ಯಾಕೆ ಹೇಳುತ್ತೀರಿ ಎಂದು ಯಾರಾದರೂ ಕೇಳಬಹುದು. ನಿಜವೇ. ಹಲ್ಲುಜ್ಜಿದವನು ಅದರಿಂದ ನೀತಿವಂತನಾಗಲಿಲ್ಲ, ಉಜ್ಜದವನು ಅದರಿಂದ ಪಾಪಿಯಾಗಲಿಲ್ಲ. ಆದರೆ ಕರ್ತನು ಅಲ್ಲಿ ಖಂಡಿಸಿದ್ದು ತೊಳೆಯುವದನ್ನಲ್ಲ. ತೊಳೆಯುವದನ್ನೇ ಪರಿಶುದ್ಧತೆಯೆಂದು ಎಣಿಸಿ, ತಂದೆತಾಯಿಗಳನ್ನು ಸಾಕದೆ ಬಿಟ್ಟವರ ಕಪಟವನ್ನು. ಮನೆಯವರ ಚಿಂತೆಯೇ ಆತನ ಮಾತಿನ ತಿರುಳು. ಹಲ್ಲುನೋವಿನಿಂದ ರಾತ್ರಿ ಅಳುವ ಮಗುವೂ, ಹಲ್ಲಿಲ್ಲದ ಮುದುಕಿಯೂ ನಮ್ಮ ಮನೆಯವರೇ ಆಗಿದ್ದಾರೆ. ಮುದ್ದೆಯನ್ನು ನುಂಗುವವನಿಗೆ ಹಲ್ಲೇಕೆಂದು ನಾವು ಹಾಸ್ಯಮಾಡುತ್ತೇವೆ. ಆದರೆ ಸೊಪ್ಪು, ಕಾಳು, ಮಾಂಸಗಳನ್ನು ಅಗಿಯಲಾರದೆ ಮುದ್ದೆಯನ್ನು ಮಾತ್ರ ನುಂಗುವ ಮುದುಕರು ದಿನದಿನಕ್ಕೆ ಸೊರಗುತ್ತಾರೆ.

ಉಜ್ಜಿದರೆ ರಕ್ತ ಬರುತ್ತದೆ, ಆದದರಿಂದ ಬಿಟ್ಟೆವೆಂದು ಮತ್ತೆ ಕೆಲವರು ಅನ್ನುತ್ತಾರೆ. ರಕ್ತ ಬರುವದು ಸಾಮಾನ್ಯವಾಗಿ ಲೋಳೆಯು ಕೂಡಿ ವಸಡು ಊದಿಕೊಂಡದ್ದರ ಗುರುತು. ಬಿಟ್ಟರೆ ಹೆಚ್ಚುವದು, ಹಗುರವಾಗಿ ಉಜ್ಜಿದರೆ ಇಳಿಯುವದು. ಎರಡು ವಾರಗಳಾದರೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿರಿ. ಸಕ್ಕರೆ ಕಾಯಿಲೆಯವರು ವಸಡಿನ ವಿಷಯದಲ್ಲಿ ಹೆಚ್ಚು ಎಚ್ಚರವಾಗಿರಬೇಕು. ಆ ಕಾಯಿಲೆಯು ವಸಡನ್ನು ಕೆಡಿಸುತ್ತದೆ, ಕೆಟ್ಟ ವಸಡು ಆ ಕಾಯಿಲೆಯನ್ನು ಹತೋಟಿಗೆ ತಾರದಂತೆ ಮಾಡುತ್ತದೆ. ಮೇಲಣ ಹಲ್ಲನ್ನು ಕೀಳಿಸಿದರೆ ಕಣ್ಣು ಹೋಗುವದೆಂಬ ಭಯವನ್ನು ಬಿಡಿರಿ. ಹಲ್ಲಿನ ನರವೇ ಬೇರೆ, ಕಣ್ಣಿನ ನೋಟದ ನರವೇ ಬೇರೆ. ಮುಖವು ಊದಿ ಜ್ವರ ಬಂದರೆ ಮಾತ್ರ ಶಾಖ ಕೊಡುತ್ತಾ ಮನೆಯಲ್ಲಿ ಕುಳಿತುಕೊಳ್ಳದೆ, ಅದೇ ದಿನ ತಾಲ್ಲೂಕಿನ ಸರಕಾರಿ ಆಸ್ಪತ್ರೆಗೆ ಹೋಗಿರಿ. ಅದು ಪ್ರಾಣಕ್ಕೂ ಅಪಾಯವಾಗಬಹುದು.

ಹೊಗೆಸೊಪ್ಪಿನ ವಿಷಯವನ್ನೂ ಹೇಳದೆ ಬಿಡಲಾರೆವು. ನೋಯುವ ಹಲ್ಲಿಗೆ ಕಡ್ಡಿಪುಡಿಯನ್ನು ಒತ್ತಿದರೆ ಸ್ವಲ್ಪ ಹೊತ್ತು ಜೋಮು ಹಿಡಿಯುವದು. ನೋವು ಹೋದರೂ ಚಟವು ಹೋಗದು. ಹೊಗೆಸೊಪ್ಪು ಬೆರೆತ ಹಲ್ಲುಪುಡಿಯನ್ನೂ ಪೇಸ್ಟನ್ನೂ ಸರಕಾರವು 1992ರಲ್ಲಿಯೇ ನಿಷೇಧಿಸಿತು. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವಾಗುವದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2004ರಲ್ಲಿ ಪ್ರಕಟಪಡಿಸಿತು. ಬಾಯಲ್ಲಿ ವಾಸಿಯಾಗದ ಹುಣ್ಣೋ ಬಿಳಿಯ ಮಚ್ಚೆಯೋ ಎರಡು ವಾರ ನಿಂತರೆ ಮುಚ್ಚಿಡಬೇಡಿರಿ. ಇಲ್ಲಿಯೂ ಮಕ್ಕಳು ನಮ್ಮ ಬಾಯನ್ನೇ ನೋಡುತ್ತಾರೆ. ಅಪ್ಪನಿಗೆ ಅಂಗಡಿಯಿಂದ ಪೊಟ್ಟಣ ತರುವ ಹುಡುಗನು ನಾಳೆ ತನಗಾಗಿಯೇ ತರುವನು.

ಕಡೆಯದಾಗಿ, ಯೆಹೆಜ್ಕೇಲನ ಆ ಅಧ್ಯಾಯವು ಗಾದೆಯ ಖಂಡನೆಯಿಂದ ಮುಗಿಯುವದಿಲ್ಲ. ತಿರುಗಿಕೊಳ್ಳಿರಿ, ಬದುಕಿರಿ ಎಂಬ ಕರೆಯಿಂದ ಮುಗಿಯುತ್ತದೆ. ಹಲ್ಲಿನಲ್ಲಿಯೂ ಇಂಥ ಒಂದು ಕೃಪೆಯ ಕಾಲವನ್ನು ಸೃಷ್ಟಿಕರ್ತನು ಇಟ್ಟಿದ್ದಾನೆ. ತೂತು ಬೀಳುವದಕ್ಕೆ ಮುಂಚೆ ವಸಡಿನ ಬಳಿಯಲ್ಲಿ ಸುಣ್ಣದಂಥ ಬಿಳಿಯ ಕಲೆಯೊಂದು ಕಾಣುವದು. ಆಗಲೇ ಎಚ್ಚತ್ತು ಸಿಹಿಯನ್ನು ಊಟದ ಹೊತ್ತಿಗೆ ಸೀಮಿತಪಡಿಸಿ, ರಾತ್ರಿಯೂ ಬೆಳಿಗ್ಗೆಯೂ ಫ್ಲೋರೈಡಿನಿಂದ ಉಜ್ಜಿದರೆ, ಜೊಲ್ಲಿನಲ್ಲಿರುವ ಲವಣಗಳು ತಿರುಗಿ ಸೇರಿ ಆ ಸ್ಥಳವು ಗಟ್ಟಿಯಾಗುವದು. ಅಲಕ್ಷ್ಯಮಾಡಿದರೆ ಅದು ತೂತಾಗುವದು; ತೂತಾದ ಮೇಲೆ ವೈದ್ಯರ ಕೈಯೇ ಬೇಕು. ಆದದರಿಂದ ಈ ರಾತ್ರಿ ದೀಪದ ಬೆಳಕಿನಲ್ಲಿ ನಿಮ್ಮ ಮಗುವಿನ ತುಟಿಯನ್ನು ಮೇಲಕ್ಕೆತ್ತಿ ನೋಡಿರಿ. ಬಿಳಿಯ ಕಲೆ ಕಂಡರೆ, ವಂಶವೆಂದು ನಿಟ್ಟುಸಿರು ಬಿಡದೆ, ಬ್ರಶ್ಶನ್ನು ಕೈಗೆ ತೆಗೆದುಕೊಳ್ಳಿರಿ.

ನಮ್ಮ ಸೀಮೆಯ ತಂದೆಗಳು ಬೆಲ್ಲ ಬೇಯಿಸಿದರು, ಮಕ್ಕಳ ಹಲ್ಲುಗಳು ಮಾತ್ರ ಕೆಡಲಿಲ್ಲ ಎಂದು ಮುಂದಿನ ತಲೆಯವರು ಹೇಳುವಂತೆ ದೇವರು ನಮಗೆ ಈ ಸಣ್ಣ ಕೆಲಸದಲ್ಲಿಯೂ ನಂಬಿಗಸ್ತಿಕೆಯನ್ನು ದಯಪಾಲಿಸಲಿ. ಆಮೆನ್.